ಮೂರು ಪುಸ್ತಕ, ಒಂದು ಸೊನ್ನೆ

ಮನೆಯವಳಿಗೆ ಭಿಶಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವ ಆಸೆ. ಕಾತ್ರಜದಿಂದ ಬಸ್ಸು ಹಿಡಿದು ಅಪ್ಪಾ ಬಳವಂತ ಚೌಕದಿಂದ ಎಕ್ಸೆಲ್ ಕಲಿಸುವ ಮೂರು ಪುಸ್ತಕ ತಂದೆ.

ಎರಡು ದಪ್ಪನೆಯವು. ಪ್ರತಿ ಗುಂಡಿಯ ಹೆಸರುಂಟು, ಮಾಡುವ ಕೆಲಸವಿಲ್ಲ. ಒಂದರ ಚಿತ್ರಗಳಂತೂ 2007ರಲ್ಲಿ ರಿಬ್ಬನ್ ಬರುವುದಕ್ಕೆ ಮುಂಚಿನವು. ಆ ಮೆನುಗಳನ್ನು ಹುಡುಕಿ ಹುಡುಕಿ ಆಕೆ ಸೋತಳು.

ತೆಳ್ಳನೆಯದರ ಮುದ್ರಣ ಕಳಪೆ. ಆದರೆ ಮೊದಲ ಪಾಠವೇ ಮನೆಖರ್ಚಿನ ಪಟ್ಟಿ. 0452 ಎಂದು ಹೊಡೆದರೆ ಎಕ್ಸೆಲ್ ಸೊನ್ನೆಯನ್ನು ನುಂಗಿ 452 ಮಾಡುತ್ತದೆ, ಆ ಮನೆಗಳನ್ನು ಮೊದಲೇ 'ಟೆಕ್ಸ್ಟ್' ಮಾಡಿಡಿ ಎಂದು ಹೇಳುವುದು ಇದೊಂದೇ. ಈ ಸೊನ್ನೆಗಾಗಿ ನಾನು ಕಚೇರಿಯಲ್ಲಿ ರಾತ್ರಿ ಹತ್ತರವರೆಗೆ ಕೂತವನು!

ಕನ್ನಡ ಟೈಪಿಂಗಿನ ಮಾತು ಮೂರರಲ್ಲೂ ಇಲ್ಲ. ಯೂನಿಕೋಡ್ ಅಲ್ಲದ ಫಾಂಟಿನ ಪತ್ರ ಬೇರೆ ಯಂತ್ರದಲ್ಲಿ ಕಲಸುಮೇಲೋಗರವಾಗುವುದನ್ನು ಯಾರು ಹೇಳಬೇಕು?

ತೆಳ್ಳನೆಯದನ್ನು ಕೊಳ್ಳಿ. ದಪ್ಪನೆಯವು ಬೇಕಾದವರು ನಮ್ಮ ಮನೆಗೆ ಬಂದು ಒಯ್ಯಬಹುದು.