ಟ್ರಾಂಬೆಯಿಂದ ಹೊರಟ ಕನ್ನಡ ಪತ್ರಿಕೆ
(ಡಾ. ಯು. ಬಿ. ಪವನಜರ ಮಾಧ್ಯಮ ಕಾರ್ಯವನ್ನು ಕುರಿತು)

ಮುಂಬಯಿ ಕನ್ನಡಿಗರ ಸಾಧನೆಗಳನ್ನು ಎಣಿಸುವಾಗ ನಮ್ಮ ಸಭೆಗಳಲ್ಲಿ ಒಂದು ಪಟ್ಟಿ ತಾನಾಗಿಯೇ ಬರುತ್ತದೆ. ಹೋಟೆಲು, ಬ್ಯಾಂಕು, ರಾತ್ರಿಶಾಲೆ, ನಾಟಕ, ಯಕ್ಷಗಾನ. ಸಾಹಿತ್ಯಕ್ಕೆ ಬಂದರೆ ವ್ಯಾಸರಾಯ ಬಲ್ಲಾಳರು, ಯಶವಂತ ಚಿತ್ತಾಲರು, ಜಯಂತ ಕಾಯ್ಕಿಣಿಯವರು. ಪಟ್ಟಿ ಸರಿಯಾದದ್ದೇ. ಆದರೆ ಅಂತರಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರು ಇದೇ ಊರಿನಲ್ಲಿ ನೌಕರಿ ಮಾಡಿಕೊಂಡಿದ್ದ ಒಬ್ಬ ವಿಜ್ಞಾನಿ ಎಂಬ ಮಾತು ಈ ಪಟ್ಟಿಯಲ್ಲಿ ಬರುವುದು ಅಪರೂಪ. ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿ ದುಡಿಯುತ್ತಿದ್ದ ಡಾ. ಯು. ಬಿ. ಪವನಜರು 'ವಿಶ್ವಕನ್ನಡ'ವನ್ನು ಆರಂಭಿಸಿದ್ದು 1996ರ ಡಿಸೆಂಬರಿನಲ್ಲಿ. ಅವರನ್ನು ಹೊಗಳಿ ಒಂದು ಶಾಲು ಹೊದಿಸುವುದು ಸುಲಭ. ಅವರ ಕೆಲಸದಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ, ನಿಲ್ಲದಿದ್ದರೆ ಏಕೆ ಎಂದು ನೋಡುವುದು ಅದಕ್ಕಿಂತ ಉಪಯುಕ್ತವೆಂದು ನನ್ನ ಎಣಿಕೆ.

ಮೊದಲು ಆ ಕಾಲವನ್ನು ನೆನಪಿಗೆ ತಂದುಕೊಳ್ಳಬೇಕು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲದ ಸೌಲಭ್ಯವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಟೆಲಿಫೋನಿನ ತಂತಿಗೆ ಮೋಡೆಮ್ ಎಂಬ ಪೆಟ್ಟಿಗೆ ಸಿಕ್ಕಿಸಿ, ಅದು ಕೀರಲು ದನಿಯಲ್ಲಿ ಕೂಗಿಕೊಂಡು ಸಂಪರ್ಕ ಸಿಕ್ಕುವವರೆಗೆ ಕಾದು ಕೂರಬೇಕಾಗಿತ್ತು. ನೌಪಾಡಾದಂಥ ಮಧ್ಯಮ ವರ್ಗದ ಕೇರಿಯಲ್ಲಿ ಆಗ ಫೋನೇ ಇಲ್ಲದ ಮನೆಗಳಿದ್ದುವು, ಗಣಕದ ಮಾತು ಹಾಗಿರಲಿ. ಬೆಂಗಳೂರಿನ ಪತ್ರಿಕೆಗಳು ನಮಗೆ ಮರುದಿನ ಸಿಕ್ಕುತ್ತಿದ್ದುವು; ಹಳಸಿದ ಸುದ್ದಿಯನ್ನು ಬಿಸಿಯೆಂಬಂತೆ ಓದುವುದು ಹೊರನಾಡ ಕನ್ನಡಿಗನಿಗೆ ರೂಢಿಯಾಗಿಹೋಗಿತ್ತು. ಇಂಥ ಸಮಯದಲ್ಲಿ ಪರದೆಯ ಮೇಲೆ ಓದುವ ಪತ್ರಿಕೆಯೊಂದನ್ನು ಕನ್ನಡದಲ್ಲಿ ತರುವುದೆಂದರೆ ಓದುಗರಿಲ್ಲದ ಊರಿನಲ್ಲಿ ವಾಚನಾಲಯ ತೆರೆದ ಹಾಗೆ. ಓದುಗರು ಇದ್ದದ್ದು ಅಮೆರಿಕದಲ್ಲಿ, ಸಿಂಗಪುರದಲ್ಲಿ, ಗಲ್ಫ್ ದೇಶಗಳಲ್ಲಿ. ಮುಂಬಯಿಯ ಹೊರನಾಡಿಗನು ತನಗಿಂತಲೂ ದೂರದ ಹೊರನಾಡಿಗನಿಗಾಗಿ ಮಾಡಿದ ಕೆಲಸ ಅದು.

ಪವನಜರಿಗಿಂತ ಮುಂಚೆ ಈ ದಾರಿಯಲ್ಲಿ ಇನ್ನೊಬ್ಬರು ನಡೆದಿದ್ದರು; ಅವರೂ ಮುಂಬಯಿಯಲ್ಲಿ ದುಡಿದವರೇ. ಕಿನ್ನಿಕಂಬಳ ಪದ್ಮನಾಭ ರಾಯರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದು, ಆಮೇಲೆ ಟಾಟಾ ಪ್ರೆಸ್ಸಿಗೆ ಹೋಗಿ, ಅಕ್ಷರ ಜೋಡಣೆಯ ಯಂತ್ರಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವರು. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಅಕ್ಷರಗಳನ್ನೂ ಕೂರಿಸಿದ ಕೀಲಿಮಣೆ ಅವರದು. ಒತ್ತಕ್ಷರ, ಗುಣಿತಾಕ್ಷರಗಳನ್ನು ಒಂದೊಂದಾಗಿ ಹುಡುಕಬೇಕಾಗಿಲ್ಲ. ವ್ಯಂಜನವನ್ನೊತ್ತಿ ಸ್ವರವನ್ನೊತ್ತಿದರೆ ಗುಣಿತ ತಾನಾಗಿ ಮೂಡುತ್ತದೆ. ನಾವು ಒಂದನೆಯ ಇಯತ್ತೆಯಲ್ಲಿ ಕಲಿತ ಕಾಗುಣಿತದ ತರ್ಕವೇ ಅದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನು ಧರ್ಮಾರ್ಥವಾಗಿ ಹಂಚಿದರು. ಇಂದು ಕನ್ನಡ ಬೆರಳಚ್ಚು ಮಾಡುವವರಲ್ಲಿ ಬಹುಪಾಲು ಜನ ಆ ವಿನ್ಯಾಸವನ್ನೇ ಬಳಸುತ್ತಾರೆ, ಹೆಸರು ತಿಳಿಯದೆ. ರಾಯರು ಅಕ್ಷರವನ್ನು ಗಣಕದೊಳಗೆ ತಂದರು. ಪವನಜರು ಅದನ್ನು ಗಣಕದಿಂದ ಹೊರಗೆ, ಓದುಗನತ್ತ ಕಳಿಸಿದರು. ಮಾಧ್ಯಮವೆಂಬುದು ಈ ಎರಡನೆಯ ಹೆಜ್ಜೆಯಿಂದಲೇ ಆರಂಭವಾಗುವುದರಿಂದ ಈ ಲೇಖನದಲ್ಲಿ ಪವನಜರನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇನೆ.

'ವಿಶ್ವಕನ್ನಡ'ವನ್ನು ಪತ್ರಿಕೆಯಾಗಿ ತೂಗಿದರೆ ಹೇಗೆ? ಕತೆ, ಕವಿತೆ, ವಿಜ್ಞಾನ ಲೇಖನ, ಗಣಕದ ಮಾತು, ಇಷ್ಟನ್ನು ಒಂದೆಡೆ ಕೂಡಿಸಿದ ಮಿಶ್ರಣ ಅದು. ನಮ್ಮ ಸಂಘದ ಮಾಸಿಕಗಳನ್ನು ಓದಿ ಬಲ್ಲವರಿಗೆ ಈ ಮಿಶ್ರಣ ಅಪರಿಚಿತವಲ್ಲ. ಅದರ ದೊಡ್ಡ ಗುಣವೆಂದರೆ ಅದು ಯಾರ ಅಪ್ಪಣೆಗಾಗಿಯೂ ಕಾಯಲಿಲ್ಲ. ಸರ್ಕಾರ ಸಮಿತಿ ಮಾಡಲಿ, ಸಮಿತಿ ವರದಿ ಕೊಡಲಿ, ವರದಿಯ ಮೇಲೆ ಆಜ್ಞೆ ಹೊರಡಲಿ ಎಂದು ಕಾದಿದ್ದರೆ ಇನ್ನಷ್ಟು ವರ್ಷ ಕಳೆಯುತ್ತಿತ್ತು. ದೊಡ್ಡ ದೋಷವೂ ಆ ಗುಣದ ಬೆನ್ನಿಗೇ ಇದೆ. ಸಂಪಾದಕ, ತಂತ್ರಜ್ಞ, ಕರಡು ತಿದ್ದುವವ, ಅಂಚೆಯವ ಎಲ್ಲವೂ ಒಬ್ಬರೇ ಆದ ಪತ್ರಿಕೆಯ ಗತಿ ಆ ಒಬ್ಬರ ಬಿಡುವಿನ ಗತಿಯೇ ಆಗುತ್ತದೆ. ಪತ್ರಿಕೆಯ ಸುತ್ತ ಒಂದು ಬಳಗ ಬೆಳೆಯಬೇಕು, ಮತ್ತೊಬ್ಬ ಸಂಪಾದಕ ತಯಾರಾಗಬೇಕು. ಆ ಕೆಲಸವನ್ನು ಮಾಡಿದವರು ಆಮೇಲೆ ಬಂದವರು. 2005ರಲ್ಲಿ ಹರಿಪ್ರಸಾದ್ ನಾಡಿಗರು ತೆರೆದ 'ಸಂಪದ'ದಲ್ಲಿ ನೂರಾರು ಜನ ಬರೆದರು, ಜಗಳವಾಡಿದರು, ಬರೆಯುವುದನ್ನು ಕಲಿತರು. 'ದಟ್ಸ್ ಕನ್ನಡ'ದಲ್ಲಿ ಶಾಮಸುಂದರರು ಸುದ್ದಿಮನೆಯ ಶಿಸ್ತನ್ನು ತಂದರು. ಮೊದಲು ಬಂದವನಿಗೆ ಸಲ್ಲುವ ಗೌರವವನ್ನು ಸಲ್ಲಿಸಿಯೂ, ಪತ್ರಿಕೆಯೆಂಬ ಸಂಸ್ಥೆಯನ್ನು ಕಟ್ಟಿದವರು ಎರಡನೆಯ ಸಾಲಿನವರೆಂದು ಒಪ್ಪಲೇಬೇಕಾಗುತ್ತದೆ.

ಭಾಷೆಯ ವಿಷಯದಲ್ಲಿ ಪವನಜರ ನಿಷ್ಠುರತೆ ಪ್ರಸಿದ್ಧವಾದದ್ದು. ಕನ್ನಡ ಪತ್ರಿಕೆಗಳೆಲ್ಲ 'ಅಂತರ್ಜಾಲ' ಎಂದು ಬರೆಯುತ್ತಿದ್ದಾಗ, ಅದು ತಪ್ಪು, 'ಅಂತರಜಾಲ' ಎಂಬುದೇ ಸರಿ ಎಂದು ಅವರು ಹಟ ಹಿಡಿದರು. 'ಅಂತರ್' ಎಂದರೆ ಒಳಗೆ. ಅಂತರ್ಮುಖಿ, ಅಂತರ್ಗತ ಎಂಬಂತೆ. ಒಂದು ಕಚೇರಿಯ ಒಳಗೇ ಇರುವ ಜಾಲಕ್ಕೆ ಅದು ಒಪ್ಪುತ್ತದೆ. ಜಾಲಜಾಲಗಳ ನಡುವಿನ ಜಾಲಕ್ಕೆ ಬೇಕಾದದ್ದು 'ಅಂತರ'; ಅಂತರರಾಷ್ಟ್ರೀಯ ಎಂಬಂತೆ. ತರ್ಕ ಸಮರ್ಪಕವಾಗಿದೆ, ನಾನೂ ಈ ಲೇಖನದಲ್ಲಿ ಅದನ್ನೇ ಪಾಲಿಸಿದ್ದೇನೆ. ಆದರೆ ಜನ ಕೇಳಿದರೇ? ಬಹುಮಂದಿ ಇನ್ನೂ 'ಅಂತರ್ಜಾಲ'ವನ್ನೇ ಬರೆಯುತ್ತಾರೆ, ಮಾತಾಡುವಾಗ 'ನೆಟ್' ಎನ್ನುತ್ತಾರೆ. ಶಬ್ದಗಳ ವಿಷಯದಲ್ಲಿ ವ್ಯಾಕರಣ ಗೆದ್ದು ಬಳಕೆ ಸೋತ ಉದಾಹರಣೆ ನಮ್ಮ ಭಾಷೆಯಲ್ಲಿ ಹೆಚ್ಚಿಲ್ಲ. ಹಾಗಿದ್ದರೂ ತಂತ್ರಜ್ಞಾನವನ್ನು ಬರೆಯುವವನು ಒಂದು ಶಬ್ದಕ್ಕಾಗಿ ಇಷ್ಟು ಹೋರಾಡಿದ್ದನ್ನು ನಾನು ಕಾಲಹರಣವೆನ್ನಲಾರೆ. ಬೇರೆ ಬರಹಗಾರರು ಇಂಗ್ಲಿಷ್ ಶಬ್ದಕ್ಕೆ ಒಂದು ಕನ್ನಡ ಪ್ರತ್ಯಯ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲವದು.

ಅವರ ಅಂಕಣಗಳಲ್ಲಿ, 'ಗಣಕಿಂಡಿ', 'ಗ್ಯಾಜೆಟ್ ಲೋಕ' ಮೊದಲಾದವುಗಳಲ್ಲಿ, ಇದೇ ಗುಣ ಕಾಣುತ್ತದೆ. ವಾಕ್ಯಗಳು ಚಿಕ್ಕವು, ಅರ್ಥ ನೇರ. ಮೇಷ್ಟರ ಧಾಟಿ ಆಗಾಗ ಇಣುಕುತ್ತದೆ. ಓದುಗನಿಗೆ ಗೊತ್ತಿಲ್ಲವೆಂಬುದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಾರೆ. ಉಪಕರಣಗಳ ಗುಣದೋಷ ಹೇಳುವ ಬರಹಕ್ಕೆ ಆಯುಷ್ಯ ಕಡಿಮೆ. ಆ ಫೋನು ಹಳತಾದೊಡನೆ ಲೇಖನವೂ ಹಳತು. ಅವರ ಬರಹಗಳಲ್ಲಿ ಇಂದಿಗೂ ಓದಲು ಅರ್ಹವಾದುವು ಭಾಷೆ ಮತ್ತು ಗಣಕದ ಸಂಬಂಧವನ್ನು ಚರ್ಚಿಸುವವೇ ಹೊರತು ಅಂಗಡಿಯಲ್ಲಿ ಯಾವುದನ್ನು ಕೊಳ್ಳಬೇಕೆಂದು ತಿಳಿಸುವವಲ್ಲ.

ಇನ್ನು ಯೂನಿಕೋಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಿಗೂ ಇದಕ್ಕೂ ಸಂಬಂಧವಿದೆ. ಮೊದಲಿನ ಕನ್ನಡ ತಂತ್ರಾಂಶಗಳಲ್ಲಿ ಗಣಕವು ಕನ್ನಡವನ್ನು ಕನ್ನಡವೆಂದು ತಿಳಿದಿರಲಿಲ್ಲ. ಒಳಗೆ ಶೇಖರವಾಗುತ್ತಿದ್ದುದು ಇಂಗ್ಲಿಷ್ ಅಕ್ಷರಗಳು, ಡಾಲರು, ಪ್ರಶ್ನಾರ್ಥಕ ಚಿಹ್ನೆಗಳು. ಮೇಲೆ ಕನ್ನಡದ ಫಾಂಟು ಎಂಬ ಮುಖವಾಡ. ಮುಖವಾಡ ಇರುವ ಗಣಕದಲ್ಲಿ ಲೇಖನ, ಇಲ್ಲದ ಗಣಕದಲ್ಲಿ ಹುಚ್ಚು ಗೀಚು. ಒಂದೊಂದು ಕಂಪೆನಿಯ ಮುಖವಾಡವೂ ಬೇರೆ ಬೇರೆ. ಹೀಗಾಗಿ ಮೊದಲ ಕಾಲದ ಜಾಲಪತ್ರಿಕೆಗಳನ್ನು ಓದಲು ಓದುಗನು ಮೊದಲು ಫಾಂಟನ್ನು ಇಳಿಸಿಕೊಳ್ಳಬೇಕಾಗಿತ್ತು. ಹುಡುಕುಯಂತ್ರಕ್ಕಂತೂ ಅವು ಸಿಕ್ಕುತ್ತಲೇ ಇರಲಿಲ್ಲ. ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಳವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಫಾಂಟಿನ ಜೊತೆ ಅದು ಸಾಮಾನ್ಯರ ಗಣಕಕ್ಕೂ ಬಂತು. ಆದರೂ ನಮ್ಮ ಮುದ್ರಣಾಲಯಗಳು, ಪತ್ರಿಕಾಲಯಗಳು, ಸರ್ಕಾರಿ ಕಚೇರಿಗಳು ಬಹುಕಾಲ ಹಳೆಯ ಮುಖವಾಡಗಳನ್ನೇ ಹಿಡಿದು ಕೂತುವು. ಪವನಜರು ಆಗ ಬರೆದರು, ಭಾಷಣ ಮಾಡಿದರು, ಸಮಿತಿಗಳಲ್ಲಿ ವಾದಿಸಿದರು, ಬೇಸರ ಬರುವಷ್ಟು ಸಲ ಅದನ್ನೇ ಹೇಳಿದರು. ಅವರ ವೃತ್ತಿಯಲ್ಲಿ ಅತ್ಯಂತ ಹಿರಿದಾದ ಕೆಲಸ ಯಾವುದೆಂದು ಕೇಳಿದರೆ ನಾನು ಪ್ರಥಮ ಪತ್ರಿಕೆಯನ್ನಲ್ಲ, ಈ ಬೇಸರದ ಪುನರುಕ್ತಿಯನ್ನೇ ಹೇಳುತ್ತೇನೆ.

ಏಕೆಂದರೆ ನಷ್ಟ ಎಷ್ಟಾಯಿತೆಂದು ಹೊರನಾಡ ಸಂಘಗಳಲ್ಲಿ ದುಡಿದವರಿಗೆ ಗೊತ್ತು. ತೊಂಬತ್ತರ ದಶಕದಲ್ಲಿ ಡಿ.ಟಿ.ಪಿ. ಬಂದಾಗ ಸಂಘಗಳ ಸ್ಮರಣ ಸಂಚಿಕೆಗಳು, ಮಾಸಿಕಗಳು ಅಚ್ಚುಮೊಳೆಯಿಂದ ಗಣಕಕ್ಕೆ ಹೋದುವು. ಮೊಳೆಯಲ್ಲಿ ಅಚ್ಚಾದ 1970ರ ಸಂಚಿಕೆಯನ್ನು ಕಪಾಟಿನಿಂದ ತೆಗೆದು ಧೂಳು ಕೊಡವಿ ಇಂದೂ ಓದಬಹುದು. ಗಣಕದಲ್ಲಿ ಜೋಡಿಸಿ ಫ್ಲಾಪಿಯಲ್ಲಿಟ್ಟ ಸಂಚಿಕೆಯನ್ನು, ಅದರ ಅಚ್ಚಾದ ಪ್ರತಿ ಉಳಿಯದಿದ್ದರೆ, ಯಾರೂ ಓದಲಾರರು. ಫ್ಲಾಪಿಯ ಕಿಂಡಿ ಈಗಿನ ಗಣಕಗಳಲ್ಲಿಲ್ಲ. ಕಷ್ಟಪಟ್ಟು ತೆರೆದರೂ ಆ ಫಾಂಟು ಇಲ್ಲ.

ಮಕ್ಕಳಿಗಾಗಿ ಅವರು ಮಾಡಿದ 'ಕನ್ನಡ ಲೋಗೋ' ಮಂಥನ್ ಪ್ರಶಸ್ತಿಯನ್ನು ಪಡೆಯಿತು. ಲೋಗೋ ಎಂಬುದು 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು ರೂಪಿಸಿದ ಗಣಕಭಾಷೆ. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂಬ ಬಗೆಯ ಅಪ್ಪಣೆ ಕೊಟ್ಟು ಚಿತ್ರ ಬಿಡಿಸುತ್ತ ಮಗು ರೇಖಾಗಣಿತವನ್ನು ಕಲಿಯುತ್ತದೆ. ಅಪ್ಪಣೆಗಳನ್ನು ಕನ್ನಡದಲ್ಲಿಯೇ ಕೊಡುವಂತೆ ಮಾಡಿದ್ದು ಪವನಜರ ಕೆಲಸ. ಕಲ್ಪನೆ ಸೊಗಸಾದದ್ದು. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇದು ನೆಲೆಯೂರಬೇಕಾಗಿತ್ತು. ಆದರೆ ಆ ಶಾಲೆಗಳೇ ಒಂದೊಂದಾಗಿ ಬಾಗಿಲು ಹಾಕುತ್ತಿದ್ದುವು. ಮಕ್ಕಳನ್ನು ಇಂಗ್ಲಿಷಿಗೆ ಕಳಿಸಿದವರು ನಾವೇ. ಪ್ರಶಸ್ತಿ ಬಂದ ತಂತ್ರಾಂಶ ಮಗುವಿನ ಕೈಗೆ ಬರಲಿಲ್ಲವೆಂದರೆ ಮಾಡಿದವರನ್ನು ಮಾತ್ರ ದೂರುವಂತಿಲ್ಲ.

ಅವರ ಬೋಧನೆಯ ಅಧ್ಯಾಯಕ್ಕೆ ಬರೋಣ. ಕನ್ನಡ ನಾಡಿನಲ್ಲಿ ಪತ್ರಿಕೋದ್ಯಮವನ್ನು ತರಗತಿಯಲ್ಲಿ ಕಲಿಸುವ ಪರಂಪರೆ 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಆರಂಭವಾಯಿತು. ಪವನಜರು ಆ ಪರಂಪರೆಯ ಪೀಠದಲ್ಲಿ ಕುಳಿತವರಲ್ಲ. ಅವರ ತರಗತಿ ವಿಕಿಪೀಡಿಯ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯಕ್ಕೆ ಬರೆಯುವವರನ್ನು ತಯಾರು ಮಾಡಲು ಅವರು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಪರವಾಗಿ ಕಾಲೇಜು ಕಾಲೇಜು ತಿರುಗಿ ಕಮ್ಮಟ ನಡೆಸಿದರು. ಹೇಳಿದ ಪ್ರತಿಯೊಂದು ಮಾತಿಗೂ ಆಧಾರ ಕೊಡು, ವಿಶೇಷಣ ಬಿಡು, ನಿನ್ನ ಅಭಿಪ್ರಾಯ ಬೇಡ ಎಂಬುದೇ ಅಲ್ಲಿಯ ಪಾಠ. ಪತ್ರಿಕೋದ್ಯಮದ ಮೊದಲ ಪಾಠವೂ ಅದೇ ತಾನೆ. ನಮ್ಮ ಸಂಘಗಳ ಸನ್ಮಾನಪತ್ರಗಳನ್ನು ಬರೆಯುವವರಿಗೆ ಇಂಥ ಕಮ್ಮಟ ಒಂದನ್ನು ನಡೆಸಿದರೆ, 'ಕಲಾಪೋಷಕ, ಕೊಡುಗೈದಾನಿ, ಸರಳ ಸಜ್ಜನ'ರನ್ನು ತೆಗೆದಮೇಲೆ ಹುಟ್ಟಿದ ಊರು ಮತ್ತು ಹೋಟೆಲಿನ ಹೆಸರು ಮಾತ್ರ ಉಳಿದೀತು!

ಆದರೆ ಈ ಬೋಧನೆಯ ಫಲವನ್ನು ನೋಡಿದಾಗ ಮನಸ್ಸಿಗೆ ಪೂರ್ಣ ಸಮಾಧಾನವಾಗುವುದಿಲ್ಲ. ಕನ್ನಡ ವಿಕಿಪೀಡಿಯದ ಮೊದಲ ಸಂಕಟ ಗೂಗಲ್ಲಿನಿಂದ ಬಂತು: ಸಂಬಳ ಕೊಟ್ಟು ಮಾಡಿಸಿದ ಅನುವಾದಗಳು, ಉದ್ದುದ್ದ ಲೇಖನಗಳು, ಓದಿದರೆ ಕನ್ನಡವೆನ್ನಿಸದ ಕನ್ನಡ. ಎರಡನೆಯದು ಕಾಲೇಜುಗಳಿಂದ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ವಿದ್ಯಾರ್ಥಿಗಳು ಪಾಠದ ಅಂಗವಾಗಿ ಲೇಖನ ಬರೆಯತೊಡಗಿದರು. ಅಂಕಕ್ಕಾಗಿ ಬರೆಯುವ ಹುಡುಗ ಅಂಕ ಸಿಕ್ಕಿದ ಮರುದಿನ ಬರೆಯುವುದನ್ನು ನಿಲ್ಲಿಸುತ್ತಾನೆ. ಅವನು ಬಿಟ್ಟುಹೋದ ಅರೆಬೆಂದ ಲೇಖನವನ್ನು ತಿದ್ದುವ ಹೊರೆ ಬೆರಳೆಣಿಕೆಯ ಸ್ವಯಂಸೇವಕರ ಮೇಲೆ. ಸಂಖ್ಯೆ ಏರಿತು, ಸತ್ವ ಅದೇ ಪ್ರಮಾಣದಲ್ಲಿ ಏರಲಿಲ್ಲ. ನೂರು ಕಮ್ಮಟಗಳಿಗಿಂತ, ಹತ್ತು ಹುಡುಗರನ್ನು ಎರಡು ವರ್ಷ ಜೊತೆಗಿಟ್ಟುಕೊಂಡು ಪಳಗಿಸುವುದು ಮೇಲಾಗುತ್ತಿತ್ತೆಂದು ನನಗೆ ತೋರುತ್ತದೆ. ಹಳೆಯ ಪತ್ರಿಕಾಲಯಗಳಲ್ಲಿ ಉಪಸಂಪಾದಕನೊಬ್ಬ ತಯಾರಾಗುತ್ತಿದ್ದುದು ಹಾಗೆ, ಹಿರಿಯರ ಕೆಂಪು ಶಾಯಿಯ ಕೆಳಗೆ.

ತುಳು ವಿಕಿಪೀಡಿಯದ ಪ್ರಕರಣ ಇದಕ್ಕೆ ವ್ಯತಿರಿಕ್ತ. ಹಲವು ವರ್ಷ ಪ್ರಾಯೋಗಿಕ ಹಂತದಲ್ಲೇ ಇದ್ದು, 2016ರ ಆಗಸ್ಟಿನಲ್ಲಿ ಅದು ಪೂರ್ಣ ರೂಪದಲ್ಲಿ ಹೊರಬಂತು. ಪವನಜರ ದುಡಿಮೆ ಅದರಲ್ಲಿ ದೊಡ್ಡದು. ಅಲ್ಲಿ ಅಂಕವಿರಲಿಲ್ಲ, ಸಂಬಳವಿರಲಿಲ್ಲ. ಮನೆಯಲ್ಲಿ ಆಡುವ ಭಾಷೆಯನ್ನು ಬರೆದು ನೋಡುವ ಆಸೆಯಿತ್ತು. ಅದನ್ನು ಬರೆಯುತ್ತಿರುವುದು ಕನ್ನಡ ಲಿಪಿಯಲ್ಲಿ. ಠಾಣೆ, ಡೊಂಬಿವಿಲಿ, ಕಲ್ಯಾಣಗಳಲ್ಲಿ ತುಳು ಮಾತಾಡುವ ಮನೆಗಳು ಎಷ್ಟಿವೆಯೆಂದು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಮನೆಗಳಲ್ಲಿ ಅಜ್ಜಿಗೆ ತುಳು ಬರುತ್ತದೆ, ಲಿಪಿ ಅಷ್ಟಕ್ಕಷ್ಟೆ. ಮೊಮ್ಮಗಳಿಗೆ ಫೋನಿನ ಕೀಲಿಮಣೆ ಬರುತ್ತದೆ, ಮರಾಠಿ ಶಾಲೆಯ ದೇವನಾಗರಿ ಬರುತ್ತದೆ, ಕನ್ನಡದ ಕಾಗುಣಿತ ಮಾತ್ರ ಬಾರದು. ಅಜ್ಜಿ ಹೇಳಿದ ಅಡುಗೆಯೋ ಪಾಡ್ದನದ ಕಥೆಯೋ ಬರೆದಿಡಬೇಕಾದರೆ ಇಬ್ಬರೂ ಒಂದೇ ಮಂಚದ ಮೇಲೆ ಕೂರಬೇಕು, ಮತ್ತು ಮೊಮ್ಮಗಳು ಮೊದಲು ಅ ಆ ಇ ಈ ಕಲಿಯಬೇಕು. ಆ ಕಲಿಕೆಗೆ ಬೇಕಾದ ಕೀಲಿಮಣೆ ಈಗ ಪ್ರತಿಯೊಂದು ಫೋನಿನಲ್ಲಿಯೂ ಇದೆ.