‘ದೇವರ ನಗರ’ದಲ್ಲಿ ಭದ್ರತೆಯ ಪ್ರಶ್ನೆ

ಕ್ರಿ.ಶ. 410ರ ಆಗಸ್ಟ್ ತಿಂಗಳಲ್ಲಿ ಅಲಾರಿಕನ ಗಾಥ್ ಸೈನ್ಯವು ರೋಮ್ ನಗರವನ್ನು ಮೂರು ದಿನ ಸೂರೆಮಾಡಿತು. ಹಳೆಯ ದೇವತೆಗಳನ್ನು ಕೈಬಿಟ್ಟುದರ ಫಲವಿದೆಂದು ಅನ್ಯರು ಕ್ರೈಸ್ತರನ್ನು ದೂರಿದರು. ಕರ್ತನು ತನ್ನವರನ್ನೇಕೆ ಕಾಯಲಿಲ್ಲವೆಂಬ ಅಳಲು ವಿಶ್ವಾಸಿಗಳಲ್ಲಿಯೂ ಇತ್ತು. ಅಗಸ್ಟೀನನ 22 ಪುಸ್ತಕಗಳ ‘ದೇವರ ನಗರ’ ಹುಟ್ಟಿದ್ದು ಈ ಸಂದರ್ಭದಲ್ಲಿ. ಲೌಕಿಕ ಭದ್ರತೆಯ ವಿಷಯವಾಗಿ ಬೋಧಿಸುವವರು ಅದರ ಮೊದಲ ಪುಸ್ತಕದ 10ನೆಯ ಅಧ್ಯಾಯವನ್ನು ಮತ್ತೊಮ್ಮೆ, ಸ್ವಲ್ಪ ಸಂಶಯದಿಂದಲೇ ಓದಬೇಕೆಂದು ನನ್ನ ಅಭಿಪ್ರಾಯ.

ಅಲ್ಲಿ ನೋಲದ ಬಿಷಪ್ ಪೌಲೀನನ ಪ್ರಸಂಗವಿದೆ. ಮಹಾ ಐಶ್ವರ್ಯವಂತನಾಗಿದ್ದ ಆತನು ಸ್ವಇಚ್ಛೆಯಿಂದ ಬಡವನಾದವನು. ನೋಲವೂ ಸೂರೆಯಾಗಿ ತಾನು ಸೆರೆಸಿಕ್ಕಾಗ, ಬೆಳ್ಳಿಬಂಗಾರಕ್ಕಾಗಿ ತನಗೆ ಹಿಂಸೆಯಾಗದಿರಲಿ, ತನ್ನದೆಲ್ಲ ಎಲ್ಲಿದೆಯೆಂಬುದನ್ನು ಕರ್ತನು ಬಲ್ಲನೆಂದು ಮನಸ್ಸಿನಲ್ಲೇ ಪ್ರಾರ್ಥಿಸಿದನಂತೆ. ನಮ್ಮ ಪ್ರಸಂಗಪೀಠಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ: ಭೂಮಿಯ ಠೇವಣಿ ಮುಳುಗುತ್ತದೆ, ಪರಲೋಕದ್ದು ಮುಳುಗದು. ಆದರೆ ಇಷ್ಟರಿಂದ ಹೃದಯ ಬದಲಾಗದು, ಬ್ಯಾಂಕು ಮಾತ್ರ ಬದಲಾದೀತು. ಮತ್ತಾಯ 6ನೆಯ ಅಧ್ಯಾಯದಲ್ಲಿ ಯೇಸುವು ಗಂಟನ್ನು ಕುರಿತು ಆಡಿದ ಮಾತು ಕೊನೆಗೆ ಹೃದಯವನ್ನು ಕುರಿತದ್ದು.

ಅಗಸ್ಟೀನನು ಇದನ್ನು ಬಲ್ಲನು. ಹಿಂಸೆಗೆ ಸಿಕ್ಕವನು ಬಂಗಾರವನ್ನು ಉಳಿಸಿಕೊಳ್ಳಬೇಕಾದರೆ ಅದು ತನ್ನಲ್ಲಿಲ್ಲವೆಂದು ಹೇಳಲೇಬೇಕು. ಕ್ರಿಸ್ತನನ್ನಾದರೋ ಒಪ್ಪಿಕೊಂಡು ಕಳೆದುಕೊಂಡವರಿಲ್ಲ ಎಂಬುದು ಆತನ ವಾದ. ಅಧ್ಯಾಯದ ಜೀವಾಳ ಇದೇ. ಬಚ್ಚಿಟ್ಟರೆ ಮಾತ್ರ ಉಳಿಯುವ ಒಡೆತನವೊಂದು, ಬಹಿರಂಗಪಡಿಸಿದರೂ ಅಳಿಯದ ಒಡೆತನವೊಂದು. ಠೇವಣಿಯ ಉಪಮೆಗೆ ಇದು ಸಿಕ್ಕುವುದಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ ನಾನು ಒಪ್ಪಲಾರದ ಮಾತೂ ಇದೆ. ಏನೂ ಇಲ್ಲದ ಬಡವರನ್ನೂ ಬಂಗಾರವಿದೆಯೆಂಬ ಅನುಮಾನದಿಂದ ಹಿಂಸಿಸಲಾಯಿತು. ಪವಿತ್ರ ಬಡತನವನ್ನು ಹಿಂಸೆಯಲ್ಲಿಯೂ ಅರಿಕೆಮಾಡಿದವನು ಕ್ರಿಸ್ತನನ್ನೇ ಅರಿಕೆಮಾಡಿದನೆಂದು ಅಗಸ್ಟೀನನು ಹೇಳುವುದೇನೋ ನಿಜ. ಅದಕ್ಕೂ ಮೊದಲು, ಅವರಲ್ಲಿ ಕೆಲವರಿಗೆ ಸಂಪತ್ತಿನ ಆಸೆಯಿದ್ದಿರಬಹುದು, ಆ ಆಸೆಯೇ ದಂಡನೆಗೆ ಅರ್ಹವೆಂದು ಅವರಿಗೆ ತೋರಬೇಕಿತ್ತು ಎನ್ನುತ್ತಾನೆ. ಮೈಮೇಲಿನ ಬಾಸುಂಡೆಗೆ ಮನಸ್ಸಿನೊಳಗಿನ ಕಾರಣವನ್ನು ಊಹಿಸುವುದು ಪಾಲಕನಿಗೆ ತಕ್ಕುದಲ್ಲ. ಯೋಬನ ಸ್ನೇಹಿತರೂ ಮಾಡಿದ್ದು ಇದನ್ನೇ. ಸಾಲದಲ್ಲಿ ಮುಳುಗಿದ ಸಭಿಕನಿಗೆ ಲೋಕದ ಆಶೆ ಬಿಡೆಂದು ಉಪದೇಶಿಸುವಾಗ ನಾವೂ ಆ ಸಾಲಿಗೆ ಸೇರುತ್ತೇವೆ.

ಈ ಕೊರತೆಯನ್ನು ತುಂಬುವುದು ಆತನ ಇನ್ನೊಂದು ಬರಹ: 228ನೆಯ ಪತ್ರ. ವಂಡಾಲರು ಆಫ್ರಿಕದ ಮೇಲೆ ಬಿದ್ದಾಗ ಬಿಷಪರೂ ಪಾದ್ರಿಗಳೂ ಓಡಿಹೋಗಬಹುದೇ ಎಂಬ ಪ್ರಶ್ನೆಗೆ ಹೊನೊರಾತನೆಂಬ ಬಿಷಪನಿಗೆ ಬರೆದದ್ದು. ಜನರು ಉಳಿದಿರುವಷ್ಟು ಕಾಲ, ಅವರಿಗೆ ಸೇವೆ ಬೇಕಾಗಿರುವಷ್ಟು ಕಾಲ, ಸೇವಕರೆಲ್ಲರೂ ಹೊರಡುವಂತಿಲ್ಲ. ಮುಂದಿನ ಸೇವೆಗಾಗಿ ಕೆಲವರು ಬದುಕಿ ಉಳಿಯಬೇಕಾಗಿದ್ದು, ಯಾರೂ ಹೊರಡಲೊಪ್ಪದಿದ್ದರೆ ಚೀಟಿ ಹಾಕಿ ತೀರ್ಮಾನಿಸಲಿ. ಇಲ್ಲಿ ಬಡವರ ಅಂತರಂಗದ ವಿಚಾರಣೆಯಿಲ್ಲ. ಕ್ರಿಸ್ತನಲ್ಲಿ ಭದ್ರನಾದವನು ಭದ್ರತೆಯಿಲ್ಲದವರ ಬಳಿ ನಿಲ್ಲಬೇಕೆಂಬ ಬೇಡಿಕೆಯಿದೆ, ಅದೂ ಮೊದಲು ಅಭಿಷಿಕ್ತರ ಮೇಲೆ. ಹತ್ತನೆಯ ಅಧ್ಯಾಯವನ್ನು ಈ ಪತ್ರವಿಲ್ಲದೆ ಬೋಧಿಸಬಾರದು.

ಪತ್ರದ ಮಾತಿಗೆ ಆತನು ತಪ್ಪಲಿಲ್ಲ. ವಂಡಾಲರು ಹಿಪ್ಪೋವನ್ನು ಮುತ್ತಿದ್ದ ಮೂರನೆಯ ತಿಂಗಳಲ್ಲಿ, 430ರ ಆಗಸ್ಟ್ 28ರಂದು, ಅದೇ ಪಟ್ಟಣದಲ್ಲಿ ತೀರಿಕೊಂಡನು. ಕೊಡಲು ಸ್ವಂತದ್ದೇನೂ ಇಲ್ಲದ್ದರಿಂದ ಉಯಿಲು ಬರೆಯಲಿಲ್ಲವೆಂದು ಚರಿತ್ರೆ ಬರೆದ ಪೊಸಿದಿಯನು ತಿಳಿಸುತ್ತಾನೆ. ಸಭೆಯ ಗ್ರಂಥಾಲಯವನ್ನು ಮಾತ್ರ ಮುಂದಿನವರಿಗಾಗಿ ಜೋಪಾನಮಾಡಬೇಕೆಂದು ಮತ್ತೆ ಮತ್ತೆ ಹೇಳುತ್ತಿದ್ದನಂತೆ.