ಎರಡು ಕೈಗಳ ನಡುವೆ ಆಕಾಶಯುದ್ಧ

ವಿಡಿಯೋ ಆಟಕ್ಕೂ ಒಂದು ವಿಮರ್ಶೆಯೇ ಎಂದು ಕೆಲವು ಓದುಗರು ಹುಬ್ಬೇರಿಸಿಯಾರು. ನಾಟಕ, ಸಿನಿಮಾಗಳಂತೆ ಇದೂ ಜನರ ಹೊತ್ತನ್ನು ತೆಗೆದುಕೊಳ್ಳುವಂಥದೇ ಆಗಿರುವಾಗ, ಗುಣದೋಷಗಳ ವಿಚಾರಣೆಯಿಂದ ಇದೊಂದನ್ನೇ ಹೊರಗಿಡಲು ನಮಗೆ ಕಾರಣ ತೋರುವುದಿಲ್ಲ.

ನಾವಿಲ್ಲಿ ಎತ್ತಿಕೊಂಡಿರುವುದು ‘ಬ್ಲೂ ಲೈಟ್ನಿಂಗ್’ ಎಂಬ ಹಳೆಯ ಆಟವನ್ನು. 1989ರಲ್ಲಿ ಅಮೆರಿಕದ ಅಟಾರಿ ಕಂಪನಿಯು ‘ಲಿಂಕ್ಸ್’ ಎಂಬ ಕೈಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದಕ್ಕಾಗಿ ಸಿದ್ಧವಾಗಿದ್ದ ಮೊದಲ ಆಟಗಳಲ್ಲಿ ಇದೂ ಒಂದು. ಯಂತ್ರವನ್ನೂ ಆಟವನ್ನೂ ರೂಪಿಸಿದ್ದು ಎಪಿಕ್ಸ್ ಸಂಸ್ಥೆ. ಆಡುವವನು ತನ್ನ ಸಮರವಿಮಾನವನ್ನು ಹಿಂದಿನಿಂದ ನೋಡುತ್ತ, ಎದುರಾದ ಶತ್ರುವಿಮಾನಗಳನ್ನು ಗುಂಡು, ಕ್ಷಿಪಣಿಗಳಿಂದ ಕೆಡವುತ್ತ, ಮರ ಬೆಟ್ಟಗಳಿಗೆ ತಾಗದಂತೆ ಸಾಗಬೇಕು. ಕಲ್ಪನೆ ಸ್ವಂತದ್ದೇನಲ್ಲ. 1987ರಲ್ಲಿ ಜಪಾನಿನ ಸೇಗಾ ಕಂಪನಿ ಹೊರತಂದಿದ್ದ ‘ಆಫ್ಟರ್ ಬರ್ನರ್’ ಆಟದ ನೆರಳು ಉದ್ದಕ್ಕೂ ಕಾಣುತ್ತದೆ. ಆದರೆ ಅದು ಆಟದಂಗಡಿಯಲ್ಲಿ ಕೂತು ಆಡುವ ದೊಡ್ಡ ಪೆಟ್ಟಿಗೆ. ಇದನ್ನು ಎರಡು ಕೈಗಳ ನಡುವೆ ಹಿಡಿಯಬಹುದು.

ತೆರೆಯಲ್ಲಿರುವುದು ಅಡ್ಡಕ್ಕೆ 160, ಮೇಲಿನಿಂದ ಕೆಳಕ್ಕೆ 102 ಚುಕ್ಕೆಗಳು ಮಾತ್ರ. ಅಷ್ಟರಲ್ಲೇ ಎಂಥ ವೇಗ! ಇದರ ಗುಟ್ಟು ಬಲು ಸರಳ. ಚಪ್ಪಟೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಕೆಲಸವನ್ನು ಲಿಂಕ್ಸ್‌ನ ಒಂದು ಚಿಪ್ ತಾನೇ ಮಾಡುತ್ತದೆ. ಅದೇ ವರ್ಷ ಬಂದ ನಿಂಟೆಂಡೋದ ‘ಗೇಮ್ ಬಾಯ್’ಗೆ ಈ ಸೌಲಭ್ಯವಿರಲಿಲ್ಲ. ದೂರ ಅರ್ಧವಾದರೆ ಕಾಣುವ ಅಳತೆ ಇಮ್ಮಡಿಯಾಗುತ್ತದೆಂಬುದು ಶಾಲೆಯ ರೇಖಾಗಣಿತ. ಸಾವಿರ ಗಜದಿಂದ ಐನೂರು ಗಜಕ್ಕೆ ಬರುವಾಗ ಮರ ಎಷ್ಟು ಪಟ್ಟು ಬೆಳೆಯಿತೋ, ಇಪ್ಪತ್ತರಿಂದ ಹತ್ತು ಗಜಕ್ಕೆ ಬರುವಾಗಲೂ ಅಷ್ಟೇ ಪಟ್ಟು ಬೆಳೆಯುತ್ತದೆ. ಹಿಡಿಯುವ ಕಾಲ ಮಾತ್ರ ಐವತ್ತರಲ್ಲಿ ಒಂದು ಪಾಲು. ಹೀಗಾಗಿ ಬಹಳ ಹೊತ್ತು ಚುಕ್ಕೆಯಾಗಿಯೇ ಉಳಿದಿದ್ದ ಮರ ಥಟ್ಟನೆ ಮುಖಕ್ಕೇ ಬಂದು ಬಡಿಯುತ್ತದೆ. ನೆಲಕ್ಕೆ ಹತ್ತಿರ ಹಾರುವ ಭಾಗಗಳಲ್ಲಿ ನಾವು ಉಸಿರು ಬಿಗಿಹಿಡಿದದ್ದು ಈ ಲೆಕ್ಕಕ್ಕೆ ಹೆದರಿಯೇ.

ನಮ್ಮ ತಕರಾರು ಇರುವುದು ಯುದ್ಧದ ಬಗ್ಗೆ. ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನವನ್ನು ಕಂಡವರು ಬಲ್ಲರು, ಸಮರವಿಮಾನದ ಬೆರಗು ವೇಗಕ್ಕಿಂತ ತಿರುವಿನಲ್ಲಿದೆ. ತೀವ್ರ ತಿರುವಿನಲ್ಲಿ ಪೈಲಟನ ಮೈ ಎಂಟೊಂಬತ್ತು ಪಟ್ಟು ಭಾರವಾಗಿ, ರಕ್ತ ತಲೆಯಿಂದ ಕೆಳಗಿಳಿದು, ಎಚ್ಚರ ತಪ್ಪುವುದೂ ಉಂಟು. ಎದುರಾಳಿಯ ಬೆನ್ನು ಹಿಡಿಯಲು ಇಬ್ಬರೂ ಸುತ್ತುವುದೇ ವಿಮಾನಗಳ ಕಾಳಗ. ಇಲ್ಲಿ ಹಿಂದಕ್ಕೆ ಹೊರಳುವಂತಿಲ್ಲ, ಬೆನ್ನಟ್ಟುವಂತಿಲ್ಲ. ಶತ್ರುವೂ ಮರದಂತೆ ಎದುರಿನಿಂದ ಹಿಗ್ಗುತ್ತ ಬರುವ ಒಂದು ಚಿತ್ರ. ಒಂದನ್ನು ತಪ್ಪಿಸಿಕೊಳ್ಳಬೇಕು, ಇನ್ನೊಂದನ್ನು ಹೊಡೆಯಬೇಕು, ಅಷ್ಟೇ ಭೇದ. ಅವನಿಗೆ ಬುದ್ಧಿಯಿಲ್ಲ, ಭಯವಿಲ್ಲ. ಆದುದರಿಂದ ಗೆದ್ದ ತೃಪ್ತಿ ನಮಗೂ ಇಲ್ಲ. ಅಡೆತಡೆಗಳ ನಡುವಿನ ಓಟಕ್ಕೆ ಯುದ್ಧದ ಸಮವಸ್ತ್ರ ತೊಡಿಸಿದ್ದಾರೆ. ಮಕ್ಕಳು ಇದನ್ನು ಆಡಿ ಯುದ್ಧದಾಹಿಗಳಾದಾರೆಂದು ನಾವು ಹೆದರುವುದಿಲ್ಲ. ಯುದ್ಧವೆಂದರೆ ಇಷ್ಟು ಹಗುರ ಎಂದುಕೊಂಡಾರೆಂಬುದು ಬೇರೆ ಮಾತು, ಅದನ್ನು ಮನೆಯ ಹಿರಿಯರು ಪಕ್ಕದಲ್ಲಿ ಕೂತು ಹೇಳಿಕೊಡಬೇಕು.

ಯಂತ್ರ ಮಾರುಕಟ್ಟೆಯಲ್ಲಿ ಸೋತಿತು. ಬಣ್ಣದ ತೆರೆಯಿದ್ದರೂ ಬೆಲೆ ಸುಮಾರು 180 ಡಾಲರ್, ಗೇಮ್ ಬಾಯ್‌ನ ಇಮ್ಮಡಿ. ಮೇಲಾಗಿ ಆರು ಪೆನ್ಸಿಲ್ ಸೆಲ್ಲುಗಳನ್ನು ನಾಲ್ಕೈದು ಗಂಟೆಗಳಲ್ಲಿ ತಿಂದು ಮುಗಿಸುವ ಹಸಿವು. ಹಳೆಯ ಯಂತ್ರಗಳನ್ನು ಕೂಡಿಡುವ ಗೆಳೆಯರು ಯಾರಿಗಾದರೂ ಇದ್ದರೆ, ಸೆಲ್ಲುಗಳನ್ನು ತಾವೇ ಕೊಂಡೊಯ್ದು ಒಂದು ಸಂಜೆ ಆಡಿ ನೋಡಬಹುದು. ಶತ್ರುಗಳ ಲೆಕ್ಕ ಇಡುವ ಗೋಜಿಗೆ ಹೋಗದೆ, ಮರಗಳ ಕಡೆ ಕಣ್ಣಿಡಿ.